ಜಾನ್ ನ್ಯೂಟನ್ ಅಯ್ಯನವರ ಮಾನಸಾಂತರವು

ಕರ್ತನ ಆಗಮನವನ್ನು ನಿರೀಕ್ಷಿಸುವ ವಾರಗಳಲ್ಲಿ ನಮ್ಮ ಸಭೆಗಳೊಳಗೆ ಸ್ನಾನಿಕನಾದ ಯೋಹಾನನ ಸಾರೋಣವು ವರುಷ ವರುಷವೂ ಓದಲ್ಪಡುತ್ತದೆ. ಬರುವಾತನಿಗಾಗಿ ಹೃದಯದಲ್ಲಿ ದಾರಿ ಸಿದ್ಧವಾಗಬೇಕೆಂಬದೇ ಅದರ ಸಾರಾಂಶವು. ಅದನ್ನು ಕೇಳಿದವರು ತಾವು ಮಾಡತಕ್ಕದ್ದೇನೆಂದು ವಿಚಾರಿಸಿದಾಗ ಯೋಹಾನನು ಸುಂಕದವರಿಗೆ ಸುಂಕದ ವಿಷಯವಾಗಿಯೂ ಸಿಪಾಯಿಗಳಿಗೆ ಸಿಪಾಯಿತನದ ವಿಷಯವಾಗಿಯೂ ಬುದ್ಧಿಹೇಳಿದನು. ಕಣ್ಣೀರಿನ ಲೆಕ್ಕವನ್ನು ಅವನು ಕೇಳಲಿಲ್ಲ. ಒಬ್ಬೊಬ್ಬನ ಪಶ್ಚಾತ್ತಾಪವನ್ನು ಅವನವನ ಕಸುಬಿನೊಳಗೇ ಹುಡುಕಿದನು. ಈ ಮಾತು ಎಷ್ಟು ಆಳವಾದದ್ದೆಂದು ತೋರಿಸುವ ಒಂದು ಜೀವಚರಿತ್ರೆಯನ್ನು, ಪ್ರಿಯ ವಾಚಕರೇ, ಈ ತಿಂಗಳಲ್ಲಿ ನಿಮ್ಮ ಮುಂದೆ ಇಡುತ್ತೇವೆ.

ಇಂಗ್ಲೆಂಡಿನ ಜಾನ್ ನ್ಯೂಟನ್ ಅಯ್ಯನವರ ಹೆಸರು ನಮ್ಮವರಲ್ಲಿ ಅನೇಕರಿಗೆ ಅವರು ರಚಿಸಿದ ಕೃಪೆಯ ಕೀರ್ತನೆಯ ಮೂಲಕ ಪರಿಚಯವಾಗಿದೆ. ಅವರ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಯಾವದೆಂದರೆ, ಗುಲಾಮರನ್ನು ಮಾರುತ್ತಿದ್ದ ದುಷ್ಟ ನಾವಿಕನೊಬ್ಬನು ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಆ ಕ್ಷಣವೇ ಆ ವ್ಯಾಪಾರವನ್ನು ಬಿಟ್ಟು, ಆ ಕೀರ್ತನೆಯನ್ನು ಬರೆದನು ಎಂಬದು. ಕೇಳುವದಕ್ಕೆ ಇಂಪಾದ ಕಥೆಯೇ ಸರಿ. ಆದರೆ ಸಂಗತಿಯು ಹಾಗೆ ನಡೆಯಲಿಲ್ಲ. ನಡೆದ ಸಂಗತಿಯು ನಮಗೆ ಇನ್ನೂ ಹೆಚ್ಚು ಪ್ರಯೋಜನವುಳ್ಳದ್ದಾಗಿ ತೋರುವದರಿಂದ ಅದನ್ನೇ ಕ್ರಮವಾಗಿ ಬರೆಯುತ್ತೇವೆ.

ನ್ಯೂಟನನು 1725ನೇ ಇಸವಿಯಲ್ಲಿ ಲಂಡನ್ ಪಟ್ಟಣದ ವಾಪಿಂಗ್ ಎಂಬ ಹಡಗುಕಟ್ಟೆಯ ಕೇರಿಯಲ್ಲಿ ಹುಟ್ಟಿದನು. ತಂದೆಯು ವ್ಯಾಪಾರದ ಹಡಗಿನ ಕಪ್ತಾನನು, ಬಿಗಿಯಾದ ಸ್ವಭಾವದವನು. ತಾಯಿ ಎಲಿಜಬೇತಮ್ಮನು ದೇಹದಲ್ಲಿ ದುರ್ಬಲಳು, ಭಕ್ತಿಯಲ್ಲಿ ಬಲವುಳ್ಳವಳು. ಆಕೆಯು ಒಬ್ಬನೇ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಸತ್ಯವೇದದ ಭಾಗಗಳನ್ನೂ ಪ್ರಶ್ನೋತ್ತರಗಳನ್ನೂ ಮಕ್ಕಳ ಗೀತಗಳನ್ನೂ ಬಾಯಿಪಾಠ ಮಾಡಿಸಿ, ಅವನು ಮುಂದೆ ಸುವಾರ್ತೆಯ ಸೇವಕನಾಗಲಿ ಎಂದು ಹಾರೈಸಿದಳು. ಹುಡುಗನಿಗೆ ಏಳು ವರುಷ ತುಂಬುವ ಮುಂಚೆಯೇ, 1732ರಲ್ಲಿ, ಆಕೆಯು ಕ್ಷಯರೋಗದಿಂದ ತೀರಿಹೋದಳು. ಬಿತ್ತಿದವಳು ಬೆಳೆಯನ್ನು ಕಾಣಲಿಲ್ಲ. ತಂದೆಯು ಬೇರೊಬ್ಬಳನ್ನು ಮದುವೆಯಾದನು. ಹುಡುಗನು ಎರಡು ವರುಷ ಶಾಲೆಯಲ್ಲಿದ್ದು, ಹನ್ನೊಂದನೆಯ ಪ್ರಾಯದಲ್ಲಿ ತಂದೆಯ ಹಡಗನ್ನು ಹತ್ತಿದನು.

1742ರಲ್ಲಿ ತಂದೆಯು ಅವನಿಗೆ ಜಮೈಕಾ ದ್ವೀಪದಲ್ಲಿ ಒಂದು ಕೆಲಸವನ್ನು ಗೊತ್ತುಮಾಡಿದ್ದನು. ಹೊರಡುವ ಮೊದಲು ನ್ಯೂಟನನು ಚ್ಯಾಟಮ್ ಎಂಬ ಊರಿನಲ್ಲಿ ತಾಯಿಯ ಸ್ನೇಹಿತರಾದ ಕ್ಯಾಟ್ಲೆಟ್ ಎಂಬವರ ಮನೆಗೆ ಹೋಗಿ, ಅವರ ಮಗಳಾದ ಮೇರಿಯ ಮೇಲೆ ಮನಸ್ಸಿಟ್ಟು, ಮೂರು ದಿವಸಕ್ಕೆಂದು ಹೋದವನು ಮೂರು ವಾರ ನಿಂತನು. ಹಡಗು ಅವನನ್ನು ಬಿಟ್ಟು ಹೊರಟುಹೋಯಿತು. ಆ ಕಾಲದಲ್ಲಿ ಅರಸನ ಯುದ್ಧನೌಕೆಗಳಿಗೆ ಆಳು ಬೇಕಾದರೆ ದಾರಿಯಲ್ಲಿ ಸಿಕ್ಕಿದವರನ್ನೇ ಹಿಡಿದುಕೊಂಡು ಹೋಗುತ್ತಿದ್ದರು. ನ್ಯೂಟನನು ಹೀಗೆ ಹಿಡಿಯಲ್ಪಟ್ಟು, ಪೂರ್ವದೇಶಗಳ ಕಡೆಗೆ ಹೊರಡಬೇಕಾಗಿದ್ದ ಹಾರ್ವಿಚ್ ಎಂಬ ಹಡಗಿಗೆ ಸೇರಿಸಲ್ಪಟ್ಟನು. ಅಲ್ಲಿ ಬುದ್ಧಿವಂತರ ನಾಸ್ತಿಕವಾದವನ್ನು ಓದಿಯೂ ಕೇಳಿಯೂ ತಾಯಿಯಿಂದ ಕಲಿತದ್ದನ್ನೆಲ್ಲಾ ತೊರೆದನು. ತೊರೆದದ್ದಲ್ಲದೆ ಇತರರ ನಂಬಿಕೆಯನ್ನೂ ಕೆಡಿಸುವದರಲ್ಲಿ ಸಂತೋಷಪಟ್ಟನು. ಹಡಗನ್ನು ಬಿಟ್ಟು ಓಡಿಹೋಗಿ ಸಿಕ್ಕಿಬಿದ್ದಾಗ ಎಲ್ಲರ ಮುಂದೆ ಅವನ ಬೆನ್ನಿನ ಮೇಲೆ ಚಾಟಿಯ ಪೆಟ್ಟುಗಳು ಬಿದ್ದವು, ಅಧಿಕಾರವು ಕಿತ್ತುಕೊಳ್ಳಲ್ಪಟ್ಟಿತು. ಕಪ್ತಾನನನ್ನು ಕೊಂದು ತಾನೂ ಸಾಯಬೇಕೆಂಬ ಯೋಚನೆಯು ಅವನಲ್ಲಿ ಹುಟ್ಟಿತು. ಮೇರಿಯು ತನ್ನನ್ನು ಹೀನನೆಂದು ಎಣಿಸುವಳೆಂಬ ಅಂಜಿಕೆಯೊಂದೇ ಅವನನ್ನು ತಡೆಯಿತು. ದೇವರ ಭಯವಾದರೋ ಆಗ ಅವನಲ್ಲಿ ಇರಲಿಲ್ಲ.

1745ರಲ್ಲಿ ಅವನು ಆಫ್ರಿಕಾದ ಕರಾವಳಿಗೆ ಹೋಗುವ ಗುಲಾಮರ ಹಡಗಿಗೆ ಬದಲಾಯಿಸಲ್ಪಟ್ಟು, ಸಿಯೆರಾ ಲಿಯೋನ್ ಸೀಮೆಯ ಸಮೀಪದ ಪ್ಲಾಂಟೇನ್ ದ್ವೀಪಗಳಲ್ಲಿ ಒಬ್ಬ ಬಿಳಿಯ ವರ್ತಕನ ಬಳಿ ಕೆಲಸಕ್ಕೆ ನಿಂತನು. ವರ್ತಕನ ಸಂಗಡ ಇದ್ದ ಆ ದೇಶದ ಹೆಂಗಸಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಜ್ವರ ಬಂದು ಮಲಗಿದಾಗ ಕುಡಿಯುವದಕ್ಕೆ ನೀರು ಸಿಕ್ಕುವದೂ ಕಷ್ಟವಾಯಿತು. ಹಸಿವೆ ತಾಳಲಾರದೆ ರಾತ್ರಿಯಲ್ಲಿ ತೋಟಕ್ಕೆ ನುಸುಳಿ ಹಸೀ ಗೆಡ್ಡೆಗಳನ್ನು ಕಿತ್ತು ತಿಂದನು. ಇಲ್ಲಿ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಸಂಕೋಲೆಗಳಿಂದ ಕಟ್ಟಲ್ಪಟ್ಟಿದ್ದ ಗುಲಾಮರು, ತಮಗೆ ಹಾಕುತ್ತಿದ್ದ ತುತ್ತಿನಲ್ಲಿಯೇ ಸ್ವಲ್ಪವನ್ನು ಉಳಿಸಿ, ಯಾರೂ ಕಾಣದಂತೆ ಈ ಬಿಳಿಯ ಹುಡುಗನಿಗೆ ಕೊಟ್ಟರು. ಅವನು ಇದನ್ನು ತನ್ನ ಕೈಯಿಂದಲೇ ಮುಂದೆ ಬರೆದಿಟ್ಟಿದ್ದಾನೆ. ಆ ತುತ್ತಿನ ಋಣವು ಅವನ ಲೆಕ್ಕದಲ್ಲಿ ಸೇರಬೇಕಾದರೆ ಬಹುಕಾಲ ಹಿಡಿಯಿತು.

ತಂದೆಯು ಮಗನನ್ನು ಹುಡುಕಿಸಿ ಕರತರುವಂತೆ ಗ್ರೇಹೌಂಡ್ ಎಂಬ ವ್ಯಾಪಾರದ ಹಡಗಿನ ಕಪ್ತಾನನಿಗೆ ಹೇಳಿದ್ದನು. ಆ ಹಡಗಿನಲ್ಲಿ ನ್ಯೂಟನನು 1748ರಲ್ಲಿ ಸ್ವದೇಶಕ್ಕೆ ತಿರುಗಿಕೊಂಡನು. ಅದರಲ್ಲಿ ಬಂಗಾರ, ದಂತ, ಬಣ್ಣದ ಮರ, ಜೇನುಮೇಣ ಇವು ತುಂಬಿದ್ದವು. ದಾರಿಯಲ್ಲಿ ಬೇಸರ ಕಳೆಯುವದಕ್ಕಾಗಿ ಅವನು ತೋಮಸ್ ಅ ಕೆಂಪಿಸ್ ಎಂಬ ಸನ್ಯಾಸಿಯ ಕ್ರಿಸ್ತಾನುಕರಣವೆಂಬ ಪುಸ್ತಕವನ್ನು ಕೈಗೆ ತೆಗೆದುಕೊಂಡನು. ಇದೆಲ್ಲವೂ ಸತ್ಯವಾಗಿದ್ದರೆ ತನ್ನ ಗತಿ ಏನೆಂಬ ಪ್ರಶ್ನೆ ಒಳಗೆ ಎದ್ದಿತು. ಪುಸ್ತಕವನ್ನು ಮುಚ್ಚಿ ಮಲಗಿಬಿಟ್ಟನು. ಆ ರಾತ್ರಿಯೇ ಬಿರುಗಾಳಿಯು ಹೊಡೆಯಿತು. ಅವನು ಎಚ್ಚರವಾಗುವಷ್ಟರಲ್ಲಿ ಮಲಗುವ ಕೋಣೆಯೊಳಗೆ ನೀರು ತುಂಬುತ್ತಿತ್ತು. ಮೇಲಕ್ಕೆ ಏರಿಹೋಗುತ್ತಿದ್ದವನಿಗೆ ಒಂದು ಚಾಕುವನ್ನು ತರಬೇಕೆಂದು ಕಪ್ತಾನನ ಅಪ್ಪಣೆಯಾಯಿತು. ಅವನು ಹಿಂದಿರುಗಿದಾಗ ಅವನ ಸ್ಥಾನದಲ್ಲಿ ಮೇಲೇರಿದ ಮತ್ತೊಬ್ಬನು ತೆರೆಗೆ ಸಿಕ್ಕಿ ಸಮುದ್ರದ ಪಾಲಾದನು. ಹಡಗಿನ ಒಂದು ಪಕ್ಕವು ಒಡೆದಿತ್ತು. ಬಟ್ಟೆ ಹಾಸಿಗೆಗಳನ್ನು ಬಿರುಕುಗಳಿಗೆ ತುರುಕಿ ಮೇಲೆ ಹಲಗೆ ಬಡಿದರು. ಬೆಳಗಿನ ಜಾವ ಮೂರು ಘಂಟೆಯಿಂದ ಮಧ್ಯಾಹ್ನದ ವರೆಗೆ ನ್ಯೂಟನನು ನೀರೆತ್ತುವ ಪಂಪಿನ ಬಳಿ ನಿಂತನು, ತರುವಾಯ ನಡುರಾತ್ರಿಯ ವರೆಗೆ ಚುಕ್ಕಾಣಿಯನ್ನು ಹಿಡಿದನು. ಈ ನಡುವೆ, ಯೋಚಿಸದೆಯೇ, ದೇವರು ಕರುಣಿಸಬೇಕೆಂಬ ಮಾತು ಅವನ ಬಾಯಿಂದ ಹೊರಟಿತು. ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದನು. ಯಾಕಂದರೆ ಅನೇಕ ವರುಷಗಳಿಂದ ಆ ಬಾಯಿ ಅಂಥ ಮಾತನ್ನು ಹಾಸ್ಯಕ್ಕೆ ಹೊರತು ಆಡಿರಲಿಲ್ಲ. ನಮ್ಮಂಥವನಿಗೆ ಕರುಣೆ ಎಲ್ಲಿಯದೆಂದು ಎದೆಯು ಕೂಡಲೇ ಉತ್ತರಕೊಟ್ಟಿತು.

ಮೇಣವೂ ಮರವೂ ನೀರಿಗಿಂತ ಹಗುರವಾಗಿದ್ದದರಿಂದ ಹಡಗು ಮುಳುಗಲಿಲ್ಲ. ಆದರೂ ಸುಮಾರು ನಾಲ್ಕು ವಾರ ಅವರು ಅಲೆದಾಡಬೇಕಾಯಿತು; ಹನ್ನೆರಡು ಮಂದಿಗೆ ದಿವಸಕ್ಕೆ ಅರ್ಧ ಉಪ್ಪುಮೀನು ಆಹಾರ. ಈ ಕಷ್ಟವೆಲ್ಲವೂ ಇವನ ದೆಸೆಯಿಂದಲೇ ಬಂತೆಂದು ಕಪ್ತಾನನು ಇವನನ್ನು ಯೋನನಿಗೆ ಹೋಲಿಸಿ ಹಳಿಯುತ್ತಿದ್ದನು. ನ್ಯೂಟನನು ಹೊಸ ಒಡಂಬಡಿಕೆಯನ್ನು ತೆರೆದು ಓದಿದನು. ಲೂಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಬೇಡುವವರಿಗೆ ಪರಲೋಕದ ತಂದೆಯು ಪವಿತ್ರಾತ್ಮನನ್ನು ಕೊಡುವನೆಂಬ ವಾಗ್ದಾನವನ್ನು ಕಂಡು, ಇದು ದೇವರ ಮಾತಾಗಿದ್ದರೆ ಬೇಡಿ ನೋಡುವದೇ ದಾರಿ ಎಂದುಕೊಂಡನು. ಹದಿನೈದನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯವು ತನ್ನ ಸ್ವಂತ ಕಥೆಯಂತೆಯೇ ಅವನಿಗೆ ಕಂಡಿತು. ಕಡೇ ತುತ್ತು ಒಲೆಯ ಮೇಲೆ ಬೇಯುತ್ತಿರುವಾಗಲೇ ಹಡಗು ಐರ್ಲೆಂಡಿನ ತೀರವನ್ನು ಮುಟ್ಟಿತು. ಬಿರುಗಾಳಿಯ ಆ ದಿನವನ್ನು, ಈಗಿನ ಎಣಿಕೆಯ ಪ್ರಕಾರ ಮಾರ್ಚ್ 21ನ್ನು, ಅವನು ತನ್ನ ಜೀವಮಾನವೆಲ್ಲಾ ವರುಷಕ್ಕೊಮ್ಮೆ ಉಪವಾಸ ಪ್ರಾರ್ಥನೆಗಳಿಂದ ಆಚರಿಸಿದನು.

ಸಾಮಾನ್ಯವಾಗಿ ಹೇಳುವ ಕಥೆಯು ಇಲ್ಲಿ ಮುಗಿಯುತ್ತದೆ. ಚರಿತ್ರೆಯಾದರೋ ಇಲ್ಲಿ ಪ್ರಾರಂಭವಾಗುತ್ತದೆ.

ಐರ್ಲೆಂಡಿನಲ್ಲಿ ಇಳಿದ ನ್ಯೂಟನನು ದೂಷಣೆಯ ಮಾತುಗಳನ್ನು ಬಿಟ್ಟನು, ದೇವಾಲಯಕ್ಕೆ ಹೋದನು, ಕರ್ತನ ಮೇಜಿಗೂ ಸೇರಿದನು. ಅದೇ ವರುಷದಲ್ಲಿ ಬ್ರೌನ್ಲೋ ಎಂಬ ಗುಲಾಮರ ಹಡಗಿನಲ್ಲಿ ಎರಡನೆಯ ಅಧಿಕಾರಿಯಾಗಿ ತಿರಿಗಿ ಆಫ್ರಿಕಾಕ್ಕೆ ಹೊರಟನು! ಅಲ್ಲಿ ಹಳೆಯ ಪಾಪಗಳಿಗೆ ಮತ್ತೆ ಬಿದ್ದು, ಅದೇ ಪ್ಲಾಂಟೇನ್ ದ್ವೀಪಗಳಲ್ಲಿ ಜ್ವರ ಹಿಡಿದು ಮಲಗಿದಾಗ ಇನ್ನೊಮ್ಮೆ ಮುರಿದ ಮನಸ್ಸಿನಿಂದ ಕರ್ತನಿಗೆ ತನ್ನನ್ನು ಒಪ್ಪಿಸಿದನು. 1750ರಲ್ಲಿ ಮೇರಿಯನ್ನು ಮದುವೆಯಾದನು. ಆ ವರುಷದಿಂದ 1754ರ ವರೆಗೆ ತಾನೇ ಕಪ್ತಾನನಾಗಿ, ಮೊದಲು ಡ್ಯೂಕ್ ಆಫ್ ಆರ್ಗೈಲ್, ಆಮೇಲೆ ಆಫ್ರಿಕನ್ ಎಂಬ ಹಡಗುಗಳಲ್ಲಿ ಮೂರು ಸಾರಿ ಗುಲಾಮರನ್ನು ಕೊಂಡು ಸಾಗಿಸಿದನು.

ಪ್ರಿಯರೇ, ಇದನ್ನು ಸ್ವಲ್ಪ ನಿಂತು ನೋಡಿರಿ. ಭಾನುವಾರದ ದಿವಸ ಹಡಗಿನ ಮೇಲ್ತಟ್ಟಿನಲ್ಲಿ ಕಪ್ತಾನನು ನಾವಿಕರನ್ನು ಕೂಡಿಸಿ ಎರಡಾವರ್ತಿ ದೇವಾರಾಧನೆಯನ್ನು ನಡಿಸುತ್ತಾನೆ. ಅವನ ಕಾಲ ಕೆಳಗಿನ ಹಲಗೆಯ ಅಡಿಯಲ್ಲಿ ಗಂಡಸರು ಇಬ್ಬಿಬ್ಬರಾಗಿ ಕಬ್ಬಿಣದಿಂದ ಬಿಗಿಯಲ್ಪಟ್ಟು ಬಿದ್ದಿದ್ದಾರೆ. ಆ ಸಮಯದಲ್ಲಿ ಹೆಂಡತಿಗೆ ಬರೆದ ಕಾಗದಗಳು ಭಕ್ತಿಯಿಂದ ತುಂಬಿವೆ. ಅದೇ ಕೈಯಿಂದ ಬರೆದ ಹಡಗಿನ ದಿನಚರಿಯಲ್ಲಿ, 1752ರ ದಶಂಬರದಲ್ಲಿ, ದಂಗೆಯ ಸಂಶಯದಿಂದ ಕೆಲವು ಹುಡುಗರ ಹೆಬ್ಬೆರಳುಗಳನ್ನು ತಿರುಪಿನಿಂದ ಅದುಮಿಸಿ ಬಾಯಿಬಿಡಿಸಿದ ಸಂಗತಿಯು ಲೆಕ್ಕಪತ್ರದಂತೆ ಬರೆಯಲ್ಪಟ್ಟಿದೆ. ಜೀತವೆಂದರೇನೆಂದು ನಮ್ಮ ಹಿರಿಯರಲ್ಲಿ ಅನೇಕರು ಬಲ್ಲರು. ಈ ಗುಲಾಮತನವಾದರೋ ಜೀತಕ್ಕಿಂತಲೂ ಕ್ರೂರವಾದದ್ದು.

ಅವನು ಕಪಟಿಯಾಗಿದ್ದನೋ? ನಾವು ಹಾಗೆ ಎಣಿಸುವದಿಲ್ಲ. ಆ ಕಾಲದಲ್ಲಿ ಗುಲಾಮರ ವ್ಯಾಪಾರವು ಅರಸನ ಕಾಯಿದೆಗೆ ವಿರೋಧವಾಗಿರಲಿಲ್ಲ. ಮರ್ಯಾದಸ್ಥರು ಅದರಲ್ಲಿ ಹಣವಿಡುತ್ತಿದ್ದರು. ದೇವಾಲಯದಲ್ಲಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳುವವರೂ ಅದರಿಂದ ಉಣ್ಣುತ್ತಿದ್ದರು. ತನಗೆ ಆಗ ಆ ವಿಷಯವಾಗಿ ಮನಸ್ಸಾಕ್ಷಿಯ ಚುಚ್ಚುವಿಕೆಯೇ ಇರಲಿಲ್ಲವೆಂದು ಅವನು ಮುಂದೆ ಬರೆದನು. ಸೆರೆಮನೆಯ ಕಾವಲುಗಾರನಂಥ ಈ ಉದ್ಯೋಗದಿಂದ ಮನಸ್ಸು ಬೇಸತ್ತು, ಬೇರೆ ಕೆಲಸವನ್ನು ದೇವರು ಕೊಡಲಿ ಎಂದು ಬೇಡಿದ್ದು ಮಾತ್ರ ಉಂಟು. ಊರೆಲ್ಲಾ ಮಾಡುವದು ಪಾಪವೆಂದು ಯಾರಿಗೂ ಕಾಣುವದಿಲ್ಲ. ಹೊಲವನ್ನು ಒಂದು ಸಾರಿ ಉತ್ತರೆ ಮೇಲಿನ ಕಳೆ ಹೋಗುತ್ತದೆ, ಗರಿಕೆಯ ಬೇರು ಅಡಿಯಲ್ಲಿಯೇ ಉಳಿಯುತ್ತದೆಂಬದು ಒಕ್ಕಲಿಗರಿಗೆಲ್ಲಾ ಗೊತ್ತು. ಕುಡಿತ, ದೂಷಣೆ, ಸೂಳೆಗಾರಿಕೆ ಇವು ನ್ಯೂಟನನ ಹೊಲದ ಮೇಲಿನ ಕಳೆ. ಕಸುಬು ಅವನ ಗರಿಕೆಯ ಬೇರಾಗಿತ್ತು. ದೀಕ್ಷಾಸ್ನಾನದ ದಿವಸ ವಿಗ್ರಹವನ್ನು ಕೆರೆಗೆ ಹಾಕಿದವನ ಅಂಗಡಿಯಲ್ಲಿ ಹಳೆಯ ಸೇರು ಹಾಗೆಯೇ ಇರುವದನ್ನು ಹಳ್ಳಿಗಳಲ್ಲಿ ತಿರುಗಾಡುವ ನಾವು ಕಾಣದೆ ಇಲ್ಲ. ಆ ಸೇರಿನ ಮುಂದೆ ಅವನು ದಿನಾಲು ಪ್ರಾರ್ಥನೆ ಮಾಡಿ ಅಂಗಡಿಯ ಬಾಗಿಲನ್ನು ತೆರೆಯುತ್ತಾನೆ.

ಕಸುಬನ್ನು ಬಿಟ್ಟದ್ದೂ ಪಶ್ಚಾತ್ತಾಪದಿಂದಲ್ಲ. 1754ರಲ್ಲಿ ಇನ್ನೊಂದು ಪ್ರಯಾಣಕ್ಕೆ ಸಿದ್ಧನಾಗಿದ್ದಾಗ, ಹೆಂಡತಿಯ ಸಂಗಡ ಚಹಾ ಕುಡಿಯುತ್ತಿದ್ದವನು ತಟ್ಟನೆ ಮೂರ್ಛೆಬಿದ್ದನು. ವೈದ್ಯರು ಸಮುದ್ರಕ್ಕೆ ಹೋಗಬಾರದೆಂದರು. ಹೀಗೆ ದೇವರು ಅವನ ಕೈಯನ್ನು ಮೊದಲು ಬಿಡಿಸಿದನು, ಕಣ್ಣನ್ನು ತರುವಾಯ ತೆರೆದನು. ಮುಂದಿನ ವರುಷದಿಂದ 1764ರ ವರೆಗೆ ಲಿವರ್‌ಪೂಲಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದು, ಬಿಡುವಿನಲ್ಲಿ ಗ್ರೀಕ್ ಇಬ್ರಿಯ ಭಾಷೆಗಳನ್ನು ಕಲಿತು, ಸಭಾಸೇವೆಗೆ ಬೇಡಿಕೊಂಡನು. ಹಲವು ವರುಷ ನಿರಾಕರಿಸಲ್ಪಟ್ಟ ಮೇಲೆ 1764ರಲ್ಲಿ ದೀಕ್ಷೆ ಹೊಂದಿ, ಓಲ್ನಿ ಎಂಬ ಸಣ್ಣ ಊರಿಗೆ ಸಭಾಪಾಲಕನಾದನು. ತಾಯಿಯ ಹಾರೈಕೆಯು ಮೂವತ್ತೆರಡು ವರುಷಗಳ ತರುವಾಯ ನೆರವೇರಿತು. ಇಲ್ಲಿಂದ ಮುಂದೆ ನಾವು ಅವರನ್ನು ಅಯ್ಯನವರೆಂದು ಕರೆಯುವದು ಯುಕ್ತವು.

ಓಲ್ನಿಯ ಜನರು ಬಡವರು. ಹೆಂಗಸರೂ ಮಕ್ಕಳೂ ದಿನವೆಲ್ಲಾ ಲೇಸು ಹೆಣೆದು ಹೊಟ್ಟೆಹೊರೆಯುವವರು. ಅಯ್ಯನವರು ಅವರ ಮನೆಗಳಿಗೆ ಹೋಗಿ, ಹೆಣೆಯುವವರ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು. ಜನರು ಹೆಚ್ಚಿದ್ದರಿಂದ ದೇವಾಲಯದಲ್ಲಿ ಹೊಸ ಅಟ್ಟಣೆಯನ್ನು ಕಟ್ಟಬೇಕಾಯಿತು. ಕವಿಯಾದ ವಿಲಿಯಮ್ ಕೂಪರ್ ಅವರ ನೆರೆಯವನಾಗಿ ಬಂದನು. ಅವನಿಗೆ ಚಿತ್ತಭ್ರಮೆ ಉಂಟಾದಾಗ ಅಯ್ಯನವರೂ ಅಮ್ಮನವರೂ ಒಂದು ವರುಷಕ್ಕೂ ಹೆಚ್ಚಾಗಿ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಇಬ್ಬರೂ ರಚಿಸಿದ ಕೀರ್ತನೆಗಳು 1779ರಲ್ಲಿ ಓಲ್ನಿ ಕೀರ್ತನೆಗಳೆಂದು ಅಚ್ಚಾದವು. ಪ್ರಖ್ಯಾತವಾದ ಆ ಕೀರ್ತನೆಯು 1773ನೇ ಇಸವಿಯ ಹೊಸ ವರುಷದ ದಿವಸದ ಪ್ರಸಂಗಕ್ಕಾಗಿ ಬರೆಯಲ್ಪಟ್ಟದ್ದು. ಅಂದರೆ ಬಿರುಗಾಳಿಯಾಗಿ ಇಪ್ಪತ್ತೈದು ವರುಷಗಳ ತರುವಾಯ. ಅಷ್ಟರೊಳಗೆ, 1764ರಲ್ಲಿಯೇ, ಅವರು ತಮ್ಮ ಚರಿತ್ರೆಯನ್ನು ಕಾಗದಗಳ ರೂಪದಲ್ಲಿ ಪ್ರಕಟಿಸಿದ್ದರು. ಅದರಲ್ಲಿ ತಮ್ಮ ನಾಸ್ತಿಕತನವನ್ನೂ ದುರ್ನಡತೆಯನ್ನೂ ಮುಚ್ಚಿಡದೆ ಅರಿಕೆಮಾಡಿದ್ದಾರೆ. ಗುಲಾಮರ ವ್ಯಾಪಾರವು ಪಾಪವೆಂಬ ಅರಿಕೆಯಾದರೋ ಅದರಲ್ಲಿಲ್ಲ.

1780ರಲ್ಲಿ ಅವರು ಲಂಡನಿನ ಸೇಂಟ್ ಮೇರಿ ವುಲ್ನೋತ್ ದೇವಾಲಯಕ್ಕೆ ಬಂದರು. 1785ರ ದಶಂಬರದಲ್ಲಿ ಒಬ್ಬ ಯೌವನಸ್ಥನು ಅವರ ಮನೆಯ ಬೀದಿಯಲ್ಲಿ ಒಳಗೆ ಹೋಗಲೋ ಬೇಡವೋ ಎಂದು ಸುತ್ತಾಡಿ ಆಮೇಲೆ ಬಾಗಿಲನ್ನು ತಟ್ಟಿದನು. ಆತನು ಪಾರ್ಲಿಮೆಂಟಿನ ಸದಸ್ಯನಾದ ವಿಲಿಯಮ್ ವಿಲ್ಬರ್‌ಫೋರ್ಸ್. ಬಾಲ್ಯದಲ್ಲಿ ನ್ಯೂಟನ್ ಅಯ್ಯನವರ ಮಾತನ್ನು ಕೇಳಿದ್ದವನು. ಹೃದಯವು ದೇವರ ಕಡೆಗೆ ತಿರುಗಿದ್ದರಿಂದ ರಾಜಕಾರ್ಯವನ್ನು ಬಿಡಬೇಕೋ ಎಂಬ ಸಂದೇಹ ಆತನಿಗಿತ್ತು. ಬಿಡಬಾರದು, ದೇವರು ಇಟ್ಟಿರುವ ಸ್ಥಳದಲ್ಲಿಯೇ ಸೇವಿಸಬೇಕೆಂದು ಅಯ್ಯನವರು ಹೇಳಿ ಕಳುಹಿಸಿದರು. ಸ್ವಲ್ಪಕಾಲದೊಳಗೆ ಆತನು ಗುಲಾಮರ ವ್ಯಾಪಾರದ ವಿರುದ್ಧ ಎದ್ದು ನಿಂತನು. ಆಗ ಆ ವ್ಯಾಪಾರದ ಒಳಗನ್ನು ಕಣ್ಣಾರೆ ಕಂಡ, ಅದರಿಂದ ಲಾಭವನ್ನು ತಿಂದ ಸಾಕ್ಷಿಯು ಬೇಕಾಯಿತು.

1788ರಲ್ಲಿ, ಬಿರುಗಾಳಿಯಾಗಿ ನಾಲ್ವತ್ತು ವರುಷಗಳಾದ ಮೇಲೆ, ಅರುವತ್ತೆರಡು ವರುಷದ ಅಯ್ಯನವರು ಆಫ್ರಿಕಾದ ಗುಲಾಮರ ವ್ಯಾಪಾರದ ವಿಷಯವಾಗಿ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ಅದರ ಮೊದಲಿನಲ್ಲಿಯೇ, ಈ ಅರಿಕೆಯು ಬಹಳ ತಡವಾಗಿ ಬಂತೆಂದೂ, ಈಗ ನೆನಸಿದರೆ ಎದೆ ನಡುಗುವ ಕೆಲಸದಲ್ಲಿ ತಾನು ಒಂದು ಕಾಲದಲ್ಲಿ ಕೈಹಾಕಿದ್ದು ತನಗೆ ಯಾವಾಗಲೂ ಅವಮಾನದ ನೆನಪೆಂದೂ ಒಪ್ಪಿಕೊಂಡರು. ತರುವಾಯ ಹಡಗಿನ ಒಳಗನ್ನು ಅಳತೆಯ ಸಮೇತ ಬರೆದರು. ನೂರು ಟನ್ನಿನ ಹಡಗಿನಲ್ಲಿ 220ರಿಂದ 250 ಜನರನ್ನು ತುಂಬುವರು. ಅವರನ್ನಿಡುವ ಕೋಣೆಯ ಎತ್ತರವು ಸುಮಾರು ಐದು ಅಡಿ, ಅದನ್ನೂ ನಡುವೆ ಹಲಗೆಯಿಂದ ಎರಡು ಮಾಡುವರು. ಕಪಾಟಿನಲ್ಲಿ ಪುಸ್ತಕಗಳನ್ನಿಟ್ಟ ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಬೇಕು. ಬೆಳಿಗ್ಗೆ ಬಾಗಿಲು ತೆಗೆದಾಗ ಸತ್ತವನೂ ಬದುಕಿದವನೂ ಒಂದೇ ಸಂಕೋಲೆಯಲ್ಲಿ ಇರುವದುಂಟು. ರಾತ್ರಿಯಲ್ಲಿ ಅಳುತ್ತಿದ್ದ ಕೂಸನ್ನು ತಾಯಿಯ ಕೈಯಿಂದ ಕಿತ್ತು ಸಮುದ್ರಕ್ಕೆ ಎಸೆದ ಒಬ್ಬ ಅಧಿಕಾರಿಯ ಸಂಗತಿಯನ್ನೂ ಬರೆದರು. ಹೆಬ್ಬೆರಳಿನ ತಿರುಪಿನ ಮಾತೂ ಅದರಲ್ಲಿದೆ. ಅದೇ ವರುಷ ಅರಸನ ಮಂತ್ರಾಲೋಚನಾ ಸಭೆಯ ಮುಂದೆಯೂ, 1790ರಲ್ಲಿ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯ ಮುಂದೆಯೂ ನಿಂತು ಸಾಕ್ಷಿಹೇಳಿದರು. ಹೆಸರುಗೊಂಡ ಸಭಾಪಾಲಕನು ತನ್ನ ಹಳೆಯ ಕಸುಬಿನ ಹೊಲಸನ್ನು ರಾಜ್ಯದ ದೊಡ್ಡವರ ಮುಂದೆ ಬಿಚ್ಚಿಡುವದು ಎಷ್ಟು ಕಠಿಣವೆಂದು ನಾವೇ ಯೋಚಿಸಿಕೊಳ್ಳಬಹುದು. ಬಿರುಗಾಳಿಯಲ್ಲಿ ಮೊರೆಯಿಡುವದಕ್ಕೆ ಪ್ರಾಣಭಯವೇ ಸಾಕಾಗಿತ್ತು. ಇದಕ್ಕೆ ಅಂಥ ಭಯವು ಸಾಲುತ್ತಿರಲಿಲ್ಲ.

1790ರ ದಶಂಬರದಲ್ಲಿ ಮೇರಿಯಮ್ಮನವರು ಗೆಡ್ಡೆರೋಗದಿಂದ ತೀರಿಕೊಂಡರು. ಅಯ್ಯನವರ ದುಃಖವು ಬಹಳವಾಗಿತ್ತು. ಆದಾಗ್ಯೂ ಆಕೆಯ ಸಮಾಧಿಯ ಪ್ರಸಂಗವನ್ನು ಅವರೇ ಮಾಡಿದರು. ಆ ದಿನಗಳಲ್ಲಿ ಅವರಿಂದ ಪ್ರೋತ್ಸಾಹ ಹೊಂದಿದವರಲ್ಲಿ ಕ್ಲಾಡಿಯಸ್ ಬುಕ್ಯಾನನ್ ಎಂಬವರೊಬ್ಬರು. ಅವರು 1797ರಲ್ಲಿ ಹಿಂದೂದೇಶಕ್ಕೆ ಬಂದು, ತಿರುವಾಂಕೂರಿನ ಸುರಿಯಾನಿ ಸಭೆಗಳನ್ನು ಸಂದರ್ಶಿಸಿ, ಅವುಗಳ ಸಂಗತಿಯನ್ನು ಇಂಗ್ಲೆಂಡಿನವರಿಗೆ ತಿಳಿಸಿದರು. ಬಂಗಾಳಕ್ಕೆ ಬಂದ ವಿಲಿಯಮ್ ಕೇರಿಯವರೂ ಹೊರಡುವ ಮುಂಚೆ ಇವರನ್ನು ಕಂಡು ಬುದ್ಧಿಮಾತು ಕೇಳಿದ್ದರು.

ಎಂಭತ್ತು ವರುಷದ ಪ್ರಾಯದಲ್ಲಿ ಕಣ್ಣು ಮಬ್ಬಾಯಿತು, ನೆನಪು ತಪ್ಪಿತು. ಪ್ರಸಂಗದ ನಡುವೆ ತಾನು ಏನು ಹೇಳುತ್ತಿದ್ದೆನೆಂಬದೇ ಮರೆತುಹೋಗುತ್ತಿತ್ತು. ತಾನು ಮಹಾಪಾಪಿಯೆಂಬದೂ ಕ್ರಿಸ್ತನು ಮಹಾರಕ್ಷಕನೆಂಬದೂ ಈ ಎರಡು ಮಾತ್ರ ಮರೆತಿಲ್ಲವೆಂದು ನೋಡಬಂದವರಿಗೆ ಹೇಳುತ್ತಿದ್ದರು. 1806ರ ಅಕ್ಟೋಬರಿನಲ್ಲಿ ಕಡೇ ಸಾರಿ ಪ್ರಸಂಗಪೀಠವನ್ನು ಏರಿದರು. 1807ನೇ ಮಾರ್ಚ್ 25ರಂದು ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಗೆ ಅರಸನ ಒಪ್ಪಿಗೆಯಾಯಿತು. ಕೊಂಡುತರುವದು ಮಾತ್ರ ಇದರಿಂದ ನಿಂತಿತು. ಬ್ರಿಟಿಷರ ದ್ವೀಪಗಳಲ್ಲಿದ್ದ ಗುಲಾಮರ ಬಿಡುಗಡೆಯ ಕಾಯಿದೆಯು 1833ರ ವರೆಗೆ ಹುಟ್ಟಲಿಲ್ಲ. ಆದರೂ ಆ ಮುದುಕನ ಕಿವಿಗೆ ಬೀಳಬೇಕಾದ ಸುದ್ದಿಯು ಅವರು ಬದುಕಿರುವಾಗಲೇ ಬಂತು. ಅದೇ ವರುಷದ ದಶಂಬರ 21ರಂದು, ಕರ್ತನ ಜನನದ ಹಬ್ಬಕ್ಕೆ ನಾಲ್ಕು ದಿವಸ ಇರುವಾಗ, ಅವರು ನಿದ್ರೆಹೋದರು.

ತಮ್ಮ ಸಮಾಧಿಯ ಕಲ್ಲಿಗೆ ಬೇಕಾದ ಬರಹವನ್ನು ಅವರೇ ಮೊದಲೇ ಬರೆದಿಟ್ಟಿದ್ದರು. ಅದರಲ್ಲಿ ಪುಸ್ತಕಗಳ ಮಾತಿಲ್ಲ, ಕೀರ್ತನೆಗಳ ಮಾತೂ ಇಲ್ಲ. ತಾನು ಒಂದು ಕಾಲದಲ್ಲಿ ನಾಸ್ತಿಕನೂ ದುರಾಚಾರಿಯೂ ಆಗಿದ್ದು, ಆಫ್ರಿಕಾದಲ್ಲಿ ಗುಲಾಮರಿಗೂ ಸೇವಕನಾಗಿದ್ದವನೆಂದೂ, ತಾನು ಕೆಡಿಸಲು ಯತ್ನಿಸಿದ ನಂಬಿಕೆಯನ್ನೇ ಸಾರುವದಕ್ಕೆ ಕರ್ತನ ಕರುಣೆಯಿಂದ ನೇಮಿಸಲ್ಪಟ್ಟವನೆಂದೂ ಅದು ತಿಳಿಸುತ್ತದೆ. 1893ರಲ್ಲಿ ಅವರ ಮತ್ತು ಮೇರಿಯಮ್ಮನವರ ಎಲುಬುಗಳು ಲಂಡನಿನಿಂದ ತರಲ್ಪಟ್ಟು, ಲೇಸು ಹೆಣೆಯುವವರ ಆ ಓಲ್ನಿಯ ದೇವಾಲಯದ ಅಂಗಳದಲ್ಲಿ ಹೂಣಿಡಲ್ಪಟ್ಟವು.